ಸೊಂಟ ನೋವಿನ ಮುಸುಕಿನೊಳಗೆ

ಕಲಬುರಗಿ ಜಿಲ್ಲೆಯ ಸರಕಾರಿ ದವಾಖಾನೆಗಳಲ್ಲಿ ಹೆಂಗಸರ ಪಾಳಿ ಹತ್ತಿರ ಅರ್ಧ ತಾಸು ನಿಂತರೆ ಸಾಕು, ಕಿವಿಗೆ ಬೀಳುವ ದೂರು ಒಂದೇ. "ಸೊಂಟ ಭಾಳ ನೋಯ್ತದ್ರೀ ಸಾಹೇಬ್ರ. ಕೈಕಾಲು ಸೆಳೀತಾವ." ಸಾಹೇಬರು ತಲೆ ಎತ್ತುವುದಿಲ್ಲ. ನೋವಿನ ಗುಳಿಗೆ, ಶಕ್ತಿ ಗುಳಿಗೆ, ಚೀಟಿ ಕೈಗೆ. ಮುಂದಿನವರು ಬರ್ರಿ!

ಈ ಸೊಂಟ ನೋವಿನಲ್ಲಿ ಎಷ್ಟೋ ಸಲ ಸೊಂಟದ ಪಾಲು ಕಡಿಮೆ. ಬಿಳಿ ಹೋಗುತ್ತಿರುತ್ತದೆ. ತುರಿಕೆ, ವಾಸನೆ, ಉಚ್ಚೆಗೆ ಹೋದರೆ ಉರಿ. ಗಂಡನ ಜೊತೆ ಮಲಗಿದರೆ ತಡೆಯಲಾರದ ನೋವು. ಅದನ್ನು ಹೇಳಬೇಕಾದರೂ ಯಾರ ಮುಂದೆ? ಕುರ್ಚಿಯಲ್ಲಿ ಕೂತವರು ಗಂಡಸರು, ಬಾಗಿಲಿಗೆ ಪರದೆ ಇಲ್ಲ, ಬೆನ್ನಿಗೆ ಅಂಟಿಕೊಂಡು ಅದೇ ಊರಿನ ಹತ್ತು ಮಂದಿ. ಆ ಪೈಕಿ ಒಬ್ಬಳು ನಾದಿನಿ ಇದ್ದರಂತೂ ಮುಗಿದೇ ಹೋಯಿತು. ಹಾಗಾಗಿ ಸೊಂಟದ ಹೆಸರು ಹೇಳಿ, ಗುಳಿಗೆ ತೆಗೆದುಕೊಂಡು ಮನೆಗೆ. ನಾಚಿಕೆ ಅವರದು ಎಂದು ಹೇಳುವುದು ಸುಲಭ. ಕೇಳಬೇಕಾದವರು ಕೇಳಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಕೇಳದೆ ಬಿಟ್ಟದ್ದಕ್ಕೆ ಈ ಜಿಲ್ಲೆ ಕೊಟ್ಟ ಬೆಲೆ ಸಣ್ಣದಲ್ಲ. 2015ರಲ್ಲಿ ಹೊರಬಿದ್ದ ಗರ್ಭಚೀಲದ ಪ್ರಕರಣ ಇನ್ನೂ ಜನರ ಬಾಯಲ್ಲಿದೆ. ತಾಂಡಾಗಳ ಲಂಬಾಣಿ ಹೆಂಗಸರು, ಕೇರಿಯ ಹೆಂಗಸರು ಬಿಳಿ ಮುಟ್ಟು, ಕಿಬ್ಬೊಟ್ಟೆ ನೋವು ಅಂತ ಖಾಸಗಿ ದವಾಖಾನೆಗೆ ಹೋದರು. "ಚೀಲ ಕೆಟ್ಟದ, ತೆಗೀದಿದ್ರ ಕ್ಯಾನ್ಸರ್ ಆಗ್ತದ" ಎಂದು ಹೆದರಿಸಿದರು. ಹೊಲ, ಬಂಗಾರ ಅಡವಿಟ್ಟು ಗರ್ಭಚೀಲ ತೆಗೆಸಿಕೊಂಡವರಲ್ಲಿ ಮೂವತ್ತು ದಾಟದವರೂ ಇದ್ದರು. ತನಿಖೆ ನಡೆಯಿತು, ಬೇಡದ ಆಪರೇಷನ್‌ಗಳಾಗಿವೆ ಎಂಬ ವರದಿ ಬಂತು. 2017ರಲ್ಲಿ ಅದೇ ಹೆಂಗಸರು ನ್ಯಾಯ ಕೇಳಿ ಮತ್ತೆ ಕಲಬುರಗಿಯ ಬೀದಿಗೆ ಇಳಿಯಬೇಕಾಯಿತು.

ಈಗ ವಿಷಯಕ್ಕೆ ಬರೋಣ. ಬಿಳಿ ಹೋಗುವುದೆಲ್ಲ ರೋಗವಲ್ಲ. ಮುಟ್ಟಿನ ನಡುವಿನ ದಿನಗಳಲ್ಲಿ ಮೊಟ್ಟೆಯ ಬಿಳಿಯ ಹಾಗೆ ಲೋಳೆ ಹೋಗುವುದು, ಬಸುರಿನಲ್ಲಿ ಹೆಚ್ಚಾಗುವುದು ಮೈಯ ಧರ್ಮ. ವಾಸನೆ ಇಲ್ಲ, ತುರಿಕೆ ಇಲ್ಲ ಅಂದರೆ ಹೆದರಿಕೆಯೂ ಬೇಡ. ಧಾತು ಕರಗಿ ಹೋಗುತ್ತದೆ, ಅದಕ್ಕೇ ಸುಸ್ತು ಎಂಬ ಮಾತು ಮಾತ್ರ ಹಳೇ ಸುಳ್ಳು. ಸುಸ್ತಿಗೆ ಬಹಳ ಸಲ ಕಾರಣ ರಕ್ತಹೀನತೆ. ಅದನ್ನು ನೋಡಲು ಬೆರಳ ತುದಿಯ ಒಂದು ಹನಿ ರಕ್ತ ಸಾಕು.

ಮೊಸರು ಒಡೆದ ಹಾಗೆ ಗಡ್ಡೆಗಡ್ಡೆಯಾಗಿ ಹೋಗಿ ತುರಿಕೆ ಎದ್ದರೆ ಅದು ಬೂಷ್ಟಿನ ಸೋಂಕು. ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿಸಬೇಕು. ಮೀನಿನ ವಾಸನೆ ಬಂದರೆ ಬೇರೆ, ಹಳದಿ-ಹಸಿರು ನೊರೆ ಇದ್ದರೆ ಇನ್ನೊಂದು. ಈ ಮೂರಕ್ಕೂ ಗುಳಿಗೆ ಉಂಟು. ಯಾವುದಕ್ಕೂ ಗರ್ಭಚೀಲ ತೆಗೆಯುವ ಮಾತೇ ಇಲ್ಲ! ಜ್ವರದ ಜೊತೆ ಕಿಬ್ಬೊಟ್ಟೆ ನೋವು ಬಂದರೆ, ಕೂಡಿದ ಮೇಲೆ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಹೋದರೆ ಮಾತ್ರ ತಡ ಮಾಡಬಾರದು, ಅವತ್ತೇ ತೋರಿಸಬೇಕು.

ಸರಕಾರ ಇದಕ್ಕೆ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂದು ಮಾಡಿದ್ದಾರೆ. ಪುಕ್ಕಟೆ ಚಿಕಿತ್ಸೆ. ಒಂದೊಂದು ಲಕ್ಷಣಕ್ಕೆ ಒಂದೊಂದು ಬಣ್ಣದ ಔಷಧಿ ಪೊಟ್ಟಣ. ಬಿಳಿ ಹೋಗುವುದಕ್ಕೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ. ಆದರೆ ಸುರಕ್ಷಾ ಎಂದರೆ ಯಾವ ರೋಗದ ಸುರಕ್ಷೆ ಎಂದು ಹಳ್ಳಿಯ ಹೆಂಗಸಿಗೆ ಹೇಳಿದವರು ಯಾರು? ಏಡ್ಸ್ ಕಾರ್ಯಕ್ರಮದ ಕೂಸು ಎಂಬ ಕಾರಣಕ್ಕೇ ಗೊತ್ತಿದ್ದವರೂ ಆ ಬಾಗಿಲು ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಾರೆ. "ಹೆಂಗಸರ ಬಿಳಿ ಮುಟ್ಟು, ತುರಿಕೆ ಇಲ್ಲಿ ನೋಡುತ್ತಾರೆ" ಎಂದು ಕನ್ನಡದಲ್ಲಿ ಒಂದು ಬೋರ್ಡು ಬರೆಸಲು ಬೆಂಗಳೂರಿನಿಂದ ಆದೇಶ ಬರಬೇಕೇನು?

ಇನ್ನು ಯಜಮಾನರ ಕಥೆ. ನೊರೆ ನೊರೆಯಾಗಿ ಹೋಗುವ ಸೋಂಕು ಗಂಡನಲ್ಲೂ ಇರುತ್ತದೆ, ಆತನಿಗೆ ಏನೂ ಗೊತ್ತಾಗದೆಯೂ ಇರಬಹುದು. ಹೆಂಡತಿ ಒಬ್ಬಳೇ ಗುಳಿಗೆ ನುಂಗಿದರೆ ತಿಂಗಳೊಳಗೆ ಮೊದಲಿನ ಹಾಗೇ. ಕರೆದರೆ ಆತ ಬರುವುದಿಲ್ಲ. "ನಂಗೇನಾಗ್ಯದ? ರೋಗ ಆಕೀಗದ!" ಈ ಮಾತು ಕೇಳಿ ಸುಮ್ಮನಾಗುವ ಬದಲು ಗಂಡನ ಪಾಲಿನ ಗುಳಿಗೆಯನ್ನೂ ಆಕೆಯ ಕೈಗೇ ಕೊಟ್ಟು, ತಿಳಿಹೇಳಿ ಕಳಿಸುವ ನರ್ಸಮ್ಮ ಸಾವಿರ ಭಾಷಣಕ್ಕಿಂತ ಮೇಲು.

ಗರ್ಭಚೀಲ ತೆಗೆಸಲೇಬೇಕಾದ ಸಂದರ್ಭಗಳು ಇಲ್ಲವೆಂದಲ್ಲ. ಕ್ಯಾನ್ಸರ್, ದೊಡ್ಡ ಗಡ್ಡೆ, ಔಷಧಿಗೆ ಬಗ್ಗದ ರಕ್ತಸ್ರಾವ, ಚೀಲ ಜಾರಿ ಹೊರಗೆ ಬಂದದ್ದು, ಇವಕ್ಕೆ ಬೇಕಾಗುತ್ತದೆ. ಆದರೆ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂವತ್ತರ ಹೆಂಗಸಿಗೆ ಐವತ್ತರ ಮೈ ಬರುತ್ತದೆ. ಮೈ ಬಿಸಿ, ಎಲುಬು ಸವೆತ, ಕೆಳಗೆ ಒಣಗಿ ಕೂಡುವಾಗ ಮತ್ತೆ ನೋವು. ಯಾವ ನೋವು ಹೇಳಲಾಗದೆ ಸೊಂಟ ಎಂದಿದ್ದಳೋ ಅದೇ ನೋವು! ಕ್ಯಾನ್ಸರ್ ಅಂಜಿಕೆ ಇದ್ದವರಿಗೆ ಬೇರೆ ದಾರಿ ಇದೆ. ಮೂವತ್ತು ದಾಟಿದವರಿಗೆ ಗರ್ಭಕೊರಳಿಗೆ ಔಷಧಿ ಸವರಿ ನೋಡುವ ಪರೀಕ್ಷೆ ಸರಕಾರಿ ಯೋಜನೆಯಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವತ್ತು ಎಂದು ಹೇಳಬೇಕು. ಹೇಳದಿದ್ದರೆ ಜೋರು ಮಾಡಿ ಕೇಳಲಿ.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಚೀಲ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಜಿಲ್ಲೆಗೊಂದು ನಿಗಾ ಸಮಿತಿ ಇರಬೇಕು ಎಂಬುದೂ ಅದರಲ್ಲಿದೆ. ಜಿಲ್ಲಾಡಳಿತ ಆ ಸಮಿತಿಯ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು, ಯಾವ ದವಾಖಾನೆಯಲ್ಲಿ ಎಷ್ಟು ಚೀಲ ಹೋದವು ಎಂಬುದನ್ನು ತಾಲೂಕುವಾರು ಗೋಡೆಗೆ ಅಂಟಿಸಲಿ. ಅದರ ಜೊತೆಗೆ ಪ್ರತಿ ಕೇಂದ್ರದ ತಪಾಸಣೆ ಕೋಣೆಗೆ ಒಂದು ಪರದೆ, ವಾರಕ್ಕೆ ಒಂದು ದಿನವಾದರೂ ಒಬ್ಬರು ಲೇಡಿ ಡಾಕ್ಟರು. ಪರದೆ ಬಟ್ಟೆಗೆ ಟೆಂಡರ್ ಕರೆಯುವ ಅಗತ್ಯವಿಲ್ಲ, ಸೂಪರ್ ಮಾರ್ಕೆಟ್ಟಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.