ಕಡಲ ಹೆಸರಿನ ಅಂಚೆಮನೆ, ನಮ್ಮ ಹತ್ತು ಮಳೆಗಾಲ

ಗೋವಾದ ಪರ್ವರಿಯ ಮನೆಯೊಂದರ ಮೂಲೆಯಲ್ಲಿ, ಗೆಳೆಯರೊಬ್ಬರು ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರಿನ ಮೇಲೆ ನಮ್ಮ ಬಳಗದ ಇಮೇಲ್ ಸರ್ವರ್ ಓಡಲು ತೊಡಗಿದ್ದು ಒಂದು ಜೂನ್ ತಿಂಗಳಲ್ಲಿ. ಮೂರನೇ ವಾರಕ್ಕೆ ಹಲಸಿನ ಕೊಂಬೆ ಬಿದ್ದು ತಂತಿ ಹರಿಯಿತು. ಎರಡು ದಿನ ಕರೆಂಟಿಲ್ಲ. ಆ ಎರಡು ದಿನದ ಪತ್ರಗಳು ನೀರುಪಾಲಾದವು ಎಂದೇ ತಿಳಿದೆವು. ಕರೆಂಟು ಬಂದ ಗಂಟೆಯೊಳಗೆ ಒಂದೊಂದಾಗಿ ಎಲ್ಲವೂ ಬಂದವು. ಬಾಗಿಲು ಮುಚ್ಚಿದ್ದರೆ ಪತ್ರವನ್ನು ಎಸೆಯಬಾರದು, ಇಟ್ಟುಕೊಂಡು ಮತ್ತೆ ಮತ್ತೆ ಬಂದು ತಟ್ಟಬೇಕು ಎಂಬುದು ಈ ಅಂಚೆಯ ಹಳೆಯ ನಡವಳಿಕೆ. ಇಮೇಲ್ ಸಾಗಣೆಗೆಂದು ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ನಿಯಮಗಳ ಕಾಲದಿಂದ ಬಂದದ್ದು. ಕಳಿಸುವ ಕಡೆಯ ಹಲವು ಸರ್ವರುಗಳು ಐದು ದಿನದವರೆಗೂ ಕಾಯುತ್ತವೆ. ಗೋವಾದ ಮಳೆಯನ್ನು ಕಂಡೇ ಮಾಡಿದಂತಿದೆ ಈ ತಾಳ್ಮೆ.

ಇಲ್ಲಿ ಇಂಥ ಅಂಚೆಮನೆಗಳು ನಮ್ಮಿಂದ ಶುರುವಾದವಲ್ಲ. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ವಿಳಾಸಗಳು ಒಂದು ಕಾಲಕ್ಕೆ ‘ದರ್ಯಾ ಡಾಟ್ ಎನ್‌ಐಒ ಡಾಟ್ ಆರ್ಗ್’ ಎಂದು ಮುಗಿಯುತ್ತಿದ್ದವು. ಕೊಂಕಣಿಯಲ್ಲಿ ದರ್ಯಾ ಎಂದರೆ ಕಡಲು. ತಮ್ಮ ಯಂತ್ರಕ್ಕೆ ತಮ್ಮ ಕಡಲಿನ ಹೆಸರಿಟ್ಟು, ಆ ಹೆಸರಿನಲ್ಲೇ ಲೋಕದ ಜತೆ ಪತ್ರ ನಡೆಸಿದವರು ಅವರು. ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯುವ ಮೊದಲು ಎರ್ನೆಟ್ ಜಾಲ ವಿದ್ಯಾಸಂಸ್ಥೆ, ಸಂಶೋಧನಾಲಯಗಳಿಗಷ್ಟೇ ದಕ್ಕುತ್ತಿತ್ತು. ಹೊರದೇಶದ ಗೋವನ್ನರಂತೂ ಇನ್ನೂ ಮುಂಚೆ ಒಟ್ಟುಗೂಡಿದರು: ಅಮೆರಿಕದಲ್ಲಿ ಓದುತ್ತಿದ್ದ ಹರ್ಮನ್ ಕಾರ್ನೇರೋ 1994ರಲ್ಲಿ ಗೋವಾನೆಟ್ ಎಂಬ ಮೇಲಿಂಗ್ ಲಿಸ್ಟ್ ಕಟ್ಟಿದ್ದು ಬರೀ ಇಮೇಲಿನ ಬಲದ ಮೇಲೆ.

ನಮ್ಮದು ಅಷ್ಟು ದೊಡ್ಡ ಮಾತಲ್ಲ. ವಾಸ್ಕೋ, ಮಡಗಾಂವ್, ಮಾಪುಸಾಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ತಲೆಮಾರಿನಿಂದ ಇವೆ. 2004ರ ಜೂನಿನಲ್ಲಿ ವಾಸ್ಕೋದ ಬೈನಾ ಕಡಲಂಚಿನ ಮನೆಗಳು ನೆಲಸಮವಾದಾಗ ಒಂದು ಸಂಗತಿ ಮನಸ್ಸಿಗೆ ನಾಟಿತ್ತು. ಮನೆ ಹೋದವನ ಕೈಯಲ್ಲಿ ಉಳಿಯುವುದು ಕಾಗದ ಮಾತ್ರ, ಅದೂ ಉಳಿದಿದ್ದರೆ. ರೇಷನ್ ಕಾರ್ಡಿನ ನಕಲು, ಬಾಡಿಗೆ ಚೀಟಿ, ಕೂಲಿ ಬಾಕಿಯ ಅರ್ಜಿ, ಆಸ್ಪತ್ರೆಯ ವರದಿ: ಇವನ್ನೆಲ್ಲ ಜನ ನೆರವು ಕೇಳಿ ನಮ್ಮ ಬಳಗಕ್ಕೆ ಕಳಿಸುತ್ತಿದ್ದರು. ನಮ್ಮನ್ನು ನಂಬಿ ಕೊಟ್ಟದ್ದನ್ನು ನಾವೇ ಕಾಯಬೇಕು ಅನ್ನಿಸಿತು. ಸರ್ವರ್ ಹುಟ್ಟಿದ್ದು ಹಾಗೆ.

ಮನೆಯಲ್ಲಿಟ್ಟ ಯಂತ್ರ ಪತ್ರ ತರಿಸಿಕೊಳ್ಳುತ್ತಿತ್ತು, ಕಳಿಸಲು ಸೋಲುತ್ತಿತ್ತು. ಮನೆ ಸಂಪರ್ಕದ ಐಪಿ ವಿಳಾಸ ಬದಲಾಗುತ್ತಿರುತ್ತದೆ. ಸ್ಪ್ಯಾಮ್ ತಡೆಯಲೆಂದು ಪತ್ರ ಹೊರಹೋಗುವ ಪೋರ್ಟ್ 25 ಮುಚ್ಚಿರುವುದೂ ಉಂಟು. ಹೇಗೋ ಹೊರಬಿದ್ದರೂ ದೊಡ್ಡ ಅಂಚೆಮನೆಗಳು ಅಂಥ ವಿಳಾಸವನ್ನು ನೋಡಿದ ಕೂಡಲೇ ಒಳಗೆ ಬಿಡುವುದಿಲ್ಲ. ವರ್ಷದೊಳಗೆ ಸ್ಥಿರ ವಿಳಾಸವಿರುವ ಬಾಡಿಗೆ ಯಂತ್ರಕ್ಕೆ ಹೋದೆವು. ಪತ್ರ ಸಾಗಿಸಲು ವೀಟ್ಸಾ ವೆನೆಮಾ ಬರೆದ ಪೋಸ್ಟ್‌ಫಿಕ್ಸ್, ಬಂದ ಪತ್ರ ತೆರೆಯಲು ಟಿಮೊ ಸಿರೈನೆನ್ ಬರೆದ ಡವ್‌ಕಾಟ್ ಎರಡೂ ಉಚಿತ. ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರಿನಿಂದ ಭದ್ರತೆಯ ಸರ್ಟಿಫಿಕೇಟನ್ನೂ ಉಚಿತವಾಗಿ ಕೊಡುತ್ತಿದೆ. ಬಡ ಬಳಗವೊಂದಕ್ಕೆ ಇದು ಎಷ್ಟು ದೊಡ್ಡ ಉಪಕಾರವೆಂದು ಇವರಿಗೆಲ್ಲ ಹೇಳುವ ಅವಕಾಶ ಸಿಕ್ಕರೆ ಹೇಳಬೇಕೆಂದಿದ್ದೇನೆ.

ಈಗ ನಮ್ಮ ತಪ್ಪುಗಳು. ಅತಿ ದೊಡ್ಡದು ಪಾಸ್‌ವರ್ಡಿನದು. ಸದಸ್ಯರೊಬ್ಬರು ತಮ್ಮ ಊರಿನ ಹೆಸರು, ಹುಟ್ಟಿದ ವರ್ಷ ಸೇರಿಸಿ ಪಾಸ್‌ವರ್ಡ್ ಇಟ್ಟಿದ್ದರು. ಯಾರೋ ಊಹಿಸಿದರು. ಒಂದೇ ರಾತ್ರಿಯಲ್ಲಿ ಅವರ ಹೆಸರಿನಿಂದ ಸಾವಿರಾರು ಕಸದ ಪತ್ರಗಳು ಹೊರಟುಹೋದವು, ಬೆಳಗಾಗುವಷ್ಟರಲ್ಲಿ ನಮ್ಮ ವಿಳಾಸ ಕಪ್ಪುಪಟ್ಟಿಯಲ್ಲಿತ್ತು. ಅದೇ ವಾರ ಕೂಲಿ ಬಾಕಿಯ ಅರ್ಜಿಯೊಂದು ಕಚೇರಿಗೆ ತಲುಪದೆ ವಾಪಸು ಬಂತು. ಅರ್ಜಿ ಬರೆದಿದ್ದ ಹೆಣ್ಣುಮಗಳು ರಜೆ ಹಾಕಿ, ಬಸ್ಸು ಹಿಡಿದು, ಅರ್ಜಿಯನ್ನು ಕೈಯಾರೆ ಕೊಟ್ಟು ಬರಬೇಕಾಯಿತು. ತಪ್ಪು ಆ ಸದಸ್ಯರದಲ್ಲ. ದುರ್ಬಲ ಪಾಸ್‌ವರ್ಡನ್ನು ಒಪ್ಪಿಕೊಂಡ ಸರ್ವರ್ ನಮ್ಮದು, ಗಂಟೆಗೆ ಇಷ್ಟೇ ಪತ್ರವೆಂಬ ಮಿತಿ ಹಾಕದವರೂ ನಾವು. ಈಗ ಮಿತಿಯಿದೆ. ಪದೇ ಪದೇ ತಪ್ಪು ಪಾಸ್‌ವರ್ಡ್ ಒತ್ತುವ ವಿಳಾಸವನ್ನು ಹೊರಗಿಡುವ ಕಾವಲೂ ಇದೆ.

ಇನ್ನೊಂದು ತಪ್ಪು: ಸರ್ಟಿಫಿಕೇಟ್ ತಾನಾಗಿ ನವೀಕರಣವಾಗಿದ್ದರೂ ಸರ್ವರಿಗೆ ಅದನ್ನು ಮತ್ತೆ ಓದಿಕೊಳ್ಳಲು ಹೇಳಿರಲಿಲ್ಲ. 90 ದಿನ ಮುಗಿದ ಬೆಳಗ್ಗೆ ಎಲ್ಲರ ಫೋನಿನಲ್ಲೂ ಎಚ್ಚರಿಕೆ. ಅದನ್ನು ಸರಿಪಡಿಸಲು ಒಂದು ಸಾಲು ಸಾಕಾಯಿತು.

ಪತ್ರ ನಮ್ಮದೇ ಎಂದು ಸಾರುವ ಮುದ್ರೆಗಳ ಕಥೆ ಬೇರೆ. ಯಾವ ಯಂತ್ರಗಳು ನಮ್ಮ ಪರವಾಗಿ ಕಳಿಸಬಹುದೆಂದು ಎಸ್‌ಪಿಎಫ್ ಹೇಳುತ್ತದೆ, ಡಿಕೆಐಎಂ ಪತ್ರಕ್ಕೆ ಸಹಿ ಹಾಕುತ್ತದೆ, ಇವು ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಡಿಮಾರ್ಕ್ ತಿಳಿಸುತ್ತದೆ. ಇದ್ದರೆ ಒಳ್ಳೆಯದು ಎಂಬಂತಿದ್ದ ಇವುಗಳನ್ನು ಗೂಗಲ್, ಯಾಹೂ 2024ರ ಫೆಬ್ರವರಿಯಿಂದ ಬಿಗಿಗೊಳಿಸಿದವು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಮೂರೂ ಕಡ್ಡಾಯ, ನಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಬೇಕೇ ಬೇಕು. ನಿಯಮ ಸರಿಯಾದದ್ದು. ನನ್ನ ತಕರಾರು ಇರುವುದು ಬೇರೆಡೆ: ಎಲ್ಲವನ್ನೂ ಪಾಲಿಸಿದ ಮೇಲೂ ನಮ್ಮ ಪತ್ರ ಸ್ಪ್ಯಾಮ್ ಕಂತೆಗೆ ಬಿದ್ದರೆ, ಏಕೆಂದು ಕೇಳಲು ಆ ಕಡೆ ಒಬ್ಬ ಮನುಷ್ಯನಿಲ್ಲ. ಹತ್ತು ವರ್ಷದಲ್ಲಿ ಸರ್ವರ್ ನಡೆಸುವುದು ಸುಲಭವಾಯಿತು, ದೊಡ್ಡ ಅಂಚೆಮನೆಗಳನ್ನು ಒಪ್ಪಿಸುವುದು ಕಷ್ಟವಾಯಿತು.

‘ಸುರಕ್ಷಿತ’ ಎಂಬ ಮಾತನ್ನೂ ನಾವು ಎಚ್ಚರದಿಂದ ಬಳಸಬೇಕು. ಆ ಸರ್ಟಿಫಿಕೇಟಿನಿಂದ ನಡೆಯುವ ಟಿಎಲ್‌ಎಸ್ ಕಾಯುವುದು ಪತ್ರ ಸಾಗುವ ದಾರಿಯನ್ನಷ್ಟೇ. ತಲುಪಿದ ಪತ್ರ ಸರ್ವರಿನಲ್ಲಿ ಓದಲು ಬರುವಂತೆಯೇ ಕೂತಿರುತ್ತದೆ, ಸರ್ವರಿನ ಕೀಲಿ ಇರುವವರು ಬೇಕೆಂದರೆ ತೆರೆಯಬಹುದು. ಆ ಕೀಲಿ ಇಷ್ಟು ವರ್ಷ ನನ್ನೊಬ್ಬನ ಕೈಯಲ್ಲೇ ಇತ್ತು. ಕಳೆದ ವರ್ಷ ನಾನು ಜ್ವರದಲ್ಲಿ ಮಲಗಿದಾಗ ಡಿಸ್ಕ್ ತುಂಬಿ ಪತ್ರಗಳು ನಿಂತವು. ಬೇರೆ ಯಾರಿಗೂ ಒಳಹೋಗಲು ಬರಲಿಲ್ಲ. ಇದೇ ನನ್ನನ್ನು ಹೆಚ್ಚು ಕಾಡುತ್ತಿರುವ ಕೊರತೆ.

ಈ ಮಳೆಗಾಲ ವಾಸ್ಕೋದ ಇಬ್ಬರು ಹುಡುಗಿಯರು ಕಲಿಯಲು ಮುಂದೆ ಬಂದಿದ್ದಾರೆ, ಕಾಲೇಜು ಓದುತ್ತಿರುವವರು. ಮೊದಲ ಭಾನುವಾರ ಅವರಿಗೆ ಬರಿದಾದ ಯಂತ್ರವೊಂದನ್ನು, ಬ್ಯಾಕಪ್ ಡಿಸ್ಕನ್ನು ಕೊಡುತ್ತೇವೆ. ನನ್ನನ್ನು ಏನೂ ಕೇಳದೆ, ಬರೆದಿಟ್ಟ ಟಿಪ್ಪಣಿಯನ್ನಷ್ಟೇ ನೋಡಿ ಅವರು ಅಂಚೆಮನೆಯನ್ನು ಮತ್ತೆ ಎಬ್ಬಿಸಬೇಕು. ಟಿಪ್ಪಣಿಯ ಕೆಲವು ಪುಟ ಇನ್ನೂ ಬರೆಯುವುದಿದೆ.