ಬೋಕಿ ಅಂತ ಒದೆಯಬೇಡಿ

2022ರಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರೆಲ್ಲ ಕಣಿವೆಗೆ ಓಡಿದೆವು. 1933 ಬಿಟ್ಟರೆ 2022, ನಡುವೆ 89 ವರ್ಷ ಎಂದು ಮಕ್ಕಳೂ ಲೆಕ್ಕ ಹೇಳಿದರು. ಒಂದೊಂದು ಅಡಿ ನೀರಿನ ಲೆಕ್ಕ ಇಡುವ ನಮಗೆ, ಎರಡು ಸಾವಿರ ವರ್ಷ ನೆಲದಲ್ಲಿ ಮಲಗಿದ್ದ ಮಡಕೆಯನ್ನು ಜೆಸಿಬಿ ಒಂದೇ ಬೆಳಗಿನಲ್ಲಿ ಪುಡಿ ಮಾಡಿದರೆ ಹೊಟ್ಟೆ ಯಾಕೆ ಉರಿಯುವುದಿಲ್ಲ?

ಅಂಥ ಮಡಕೆಗಳು ಮಲಗಿರುವ ಚಿತ್ರದುರ್ಗ ಜಿಲ್ಲೆಯ ಕಲ್ಲುಸುತ್ತುಗಳನ್ನು, ಚಪ್ಪಡಿ ಗೋರಿಗಳನ್ನು ಜನ ಪಾಂಡವರ ಮನೆ, ಮೋರೇರ ಮನೆ ಅಂತಾರೆ. ನಿಧಿಗಳ್ಳರು ರಾತ್ರಿ ನಿಂಬೆಹಣ್ಣು, ಕುಂಕುಮ ಇಟ್ಟು ಅವುಗಳ ಚಪ್ಪಡಿ ಎಬ್ಬಿಸುತ್ತಾರೆ. ಒಳಗೆ ಕೊಪ್ಪರಿಗೆ ಹೊನ್ನು ಇರುವುದಿಲ್ಲ. ಮೂಳೆ, ತುಕ್ಕು ತಿಂದ ಕಬ್ಬಿಣ, ಒಳಗೆ ಕಪ್ಪು ಹೊರಗೆ ಕೆಂಪು ಮಡಕೆ, ಇಷ್ಟೇ. ಬಾಯಿ ಕೆಳಗಾಗಿ ಆವಿಗೆಯಲ್ಲಿಟ್ಟು, ಒಳಗೆ ಗಾಳಿಯಾಡದಂತೆ ಸುಟ್ಟು ಎರಡು ಬಣ್ಣ ತಂದ ಕುಂಬಾರನ ಜಾಣ್ಮೆ ಅದು. ಹೊನ್ನು ಸಿಗದ ಸಿಟ್ಟಿಗೆ ಅದನ್ನೂ ಒದ್ದು ಹೋಗುತ್ತಾರೆ.

ಆ ಬೋಕಿಯ, ಅಂದರೆ ಒಡೆದ ಮಡಕೆಚೂರಿನ, ಬೆಲೆ ತಿಳಿಯಬೇಕಾದರೆ ಇಟಲಿಗೆ ಹೋಗಬೇಕು. ಅಲ್ಲಿನ ಅರೆಜ್ಜೊ ಊರಿನ ಕುಂಬಾರರು ತಮ್ಮ ಕೆಂಪು ತಟ್ಟೆಗಳ ಮೇಲೆ ಹೆಸರಿನ ಮುದ್ರೆ ಒತ್ತುತ್ತಿದ್ದರು. ಮುದ್ರೆ ಓದಿದರೆ ಕಾಲ ಗೊತ್ತಾಗುತ್ತದೆ. ಅಂಥ ಚೂರುಗಳು 1945ರಲ್ಲಿ ಪಾಂಡಿಚೇರಿ ಬಳಿಯ ಅರಿಕಮೇಡಿನಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್‌ಗೆ ಸಿಕ್ಕವು. ಅಲ್ಲೇ ಉರುಳೆಗೆರೆ, ಅಂದರೆ ಸಣ್ಣ ಚಕ್ರ ಉರುಳಿಸಿದಂಥ ಸಾಲುಗೆರೆ, ಒತ್ತಿದ ತಟ್ಟೆಯ ಚೂರುಗಳೂ ಇದ್ದವು. 1947ರಲ್ಲಿ ಆತ ನಮ್ಮ ಜಿಲ್ಲೆಯ, ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ ಮತ್ತು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಅದೇ ಉರುಳೆಗೆರೆಯ ತಟ್ಟೆ ನಮ್ಮ ಮಣ್ಣಲ್ಲೂ ಎದ್ದಿತು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಅರೆಜ್ಜೊದ ಮುದ್ರೆಯಿಂದ ಅರಿಕಮೇಡು, ಅರಿಕಮೇಡಿನಿಂದ ಮೊಳಕಾಲ್ಮೂರು ಸೀಮೆ: ಬರೀ ಬೋಕಿಗಳನ್ನು ಪೋಣಿಸಿ ಆತ ದಕ್ಷಿಣ ಭಾರತದ ಕಾಲಗಣನೆಗೆ ಬುನಾದಿ ಹಾಕಿದ. ಅದಕ್ಕೂ ಮೊದಲೇ, 1929ರ ಹೊತ್ತಿಗೆ, ಮೈಸೂರಿನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಚಂದ್ರವಳ್ಳಿಯಲ್ಲಿ ಪದರ ಪದರವಾಗಿ ಅಗೆಸಿದ್ದರು. ನಮ್ಮವರ ಈ ಕೆಲಸವನ್ನು ನಾವೇ ಮರೆತಿದ್ದೇವೆ.

ವ್ಹೀಲರ್ ಹೇಳಿದ ಕಾಲವೇ ಕೊನೆಯ ಮಾತಲ್ಲ. ಆಮೇಲೆ ಹಳ್ಳೂರಿನಲ್ಲಿ ಅಗೆದಾಗ ನಮ್ಮ ನಾಡಿನಲ್ಲಿ ಕಬ್ಬಿಣದ ಬಳಕೆ ಆತ ಎಣಿಸಿದ್ದಕ್ಕಿಂತ ನೂರಾರು ವರ್ಷ ಹಳೆಯದೆಂದು ತಿಳಿಯಿತು. ಹಳ್ಳೂರಿನ ಪದರಗಳು ಕದಡದೆ ಉಳಿದಿದ್ದಕ್ಕೆ ಆ ತಪ್ಪು ತಿದ್ದಲು ಸಾಧ್ಯವಾಯಿತು. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದೇ ಬೋಕಿಯ ನಾಲಿಗೆ. ಜೆಸಿಬಿ ಮಗುಚಿದ ಮಣ್ಣಲ್ಲಿ ಅದು ಮೂಗಿ. ಆಮೇಲೆ ಚೂರು ಆಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟರೂ ಮಾತಾಡುವುದಿಲ್ಲ.

ರಾಜ್ಯದಲ್ಲಿ 1961ರ ಸ್ಮಾರಕ ಕಾಯ್ದೆ ಇದೆ. ಆದರೆ ಬೋರ್ಡು, ಬೇಲಿ ಕಂಡದ್ದು ಹೆಸರಾದ ಜಾಗಗಳು ಮಾತ್ರ. ಹೊಲದ ನಡುವಿನ ಕಲ್ಲುಸುತ್ತನ್ನು ಕೇಳುವವರಿಲ್ಲ. ಅದರ ಗುಂಡುಗಳು ಬದುವಿಗೆ, ಚಪ್ಪಡಿಗಳು ಪಾಯಕ್ಕೆ. ಇದು ಕೊಲೆ. ರೈತನೊಬ್ಬನನ್ನೇ ಬೈದು ಕೈ ತೊಳೆದುಕೊಳ್ಳಲು ನಾನು ಒಪ್ಪುವುದಿಲ್ಲ. ಆತನಿಗೆ ಇದೇನೆಂದು ಹೇಳಿದವರಾದರೂ ಯಾರು? ಹೇಳಬೇಕಾದವರು ಕಚೇರಿ ಬಿಟ್ಟು ಹೊಲಕ್ಕೆ ಬರಲಿ. ಹೋಬಳಿ ಹೋಬಳಿಯ ಕಲ್ಲುಸುತ್ತುಗಳನ್ನು ಎಣಿಸಿ ಪಹಣಿಯಲ್ಲಿ ಬರೆಸಲಿ.

ಅಲ್ಲಿಯವರೆಗೆ ನಿಮ್ಮ ಹೊಲದಲ್ಲಿ ಗುಂಡುಗಲ್ಲುಗಳ ಸುತ್ತು ಕಂಡರೆ, ಕಪ್ಪು-ಕೆಂಪು ಬೋಕಿ ಎದ್ದರೆ, ದಯವಿಟ್ಟು ಗಾಡಿ ನಿಲ್ಲಿಸಿ. ಚೂರನ್ನು ಬಿದ್ದಲ್ಲೇ ಬಿಟ್ಟು ತಹಶೀಲ್ದಾರರಿಗೆ ತಿಳಿಸಿ.