ಹೆರಿಗೆ ಎಲ್ಲಿ: ಮನೆಯೋ, ಆಸ್ಪತ್ರೆಯೋ?

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ. ಎಪ್ಪತ್ತು ವರ್ಷದಲ್ಲಿ ಹದಿನೈದು ಸಾವಿರಕ್ಕೂ ಮೇಲೆ ಹೆರಿಗೆ ಮಾಡಿಸಿದ ಹೆಗ್ಗಳಿಕೆ ಅವರದು. ಯಾರ ಹತ್ತಿರವೂ ಕಾಸಿಗೆ ಕೈಚಾಚಿದವರಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಜಿಲ್ಲೆಗೆ ಜಿಲ್ಲೆಯೇ ಹೆಮ್ಮೆಪಟ್ಟು ಬೀಳ್ಕೊಟ್ಟಿತು.

ನಾಲ್ಕೇ ವರ್ಷ ಕಳೆಯಿತು. 2022ರ ನವೆಂಬರಿನಲ್ಲಿ ತುಮಕೂರು ಪೇಟೆಯಲ್ಲೇ ಒಬ್ಬ ತುಂಬು ಬಸುರಿ ನೋವು ತಿನ್ನುತ್ತಾ ಜಿಲ್ಲಾಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸು ಕಳಿಸಿದರೆಂಬುದು ಆರೋಪ. ಬಾಡಿಗೆ ಮನೆಯಲ್ಲೇ ಅವಳಿ ಮಕ್ಕಳ ಹೆರಿಗೆಯಾಯಿತು. ತಾಯಿಯೂ ಉಳಿಯಲಿಲ್ಲ, ಎರಡು ಕೂಸೂ ಉಳಿಯಲಿಲ್ಲ. ಸಿಬ್ಬಂದಿಯನ್ನು ಅಮಾನತು ಮಾಡಿದ್ದಾಯಿತು. ಹೋದ ಜೀವ ಬಂದೀತೆ?

ಇಂಥ ಸುದ್ದಿ ಬಂದಾಗಲೆಲ್ಲ ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ ಒಂದು ಮಾತು ಏಳುತ್ತದೆ: "ಆ ಕಾಲವೇ ವಾಸಿ ಕಣ್ರೀ, ಮನೇಲೇ ಹೆರ್ತಿದ್ರು. ನಮ್ಮಮ್ಮ ಎಂಟು ಹೆತ್ತಳು, ಏನಾಯ್ತು?" ಹುಟ್ಟಿ ಬದುಕಿದವರು ಆಡುವ ಮಾತು ಇದು. ಹೆರಿಗೆಯಲ್ಲಿ ಹೋದವಳ ಪರವಾಗಿ ಮಾತಾಡಲು ಕಟ್ಟೆಯ ಮೇಲೆ ಯಾರೂ ಇರುವುದಿಲ್ಲ.

ಲೆಕ್ಕ ಹೇಳುವುದೇನು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಅದು 97ಕ್ಕೆ ಏರಿತು. 2008ರಲ್ಲಿ 108 ಆಂಬ್ಯುಲೆನ್ಸ್ ಬಂತು. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಪುಕ್ಕಟೆ ಎಂದಾಯಿತು. ಮನೆಮನೆಗೆ ಓಡಾಡಿದ ಆಶಾ ಕಾರ್ಯಕರ್ತೆಯರ ಪಾಲೂ ಇದರಲ್ಲಿ ದೊಡ್ಡದು.

ಆಸ್ಪತ್ರೆ ಯಾಕೆ ಬೇಕು? ಕೂಸು ಹೊರಬಂದ ಮೇಲೆ ರಕ್ತ ನಿಲ್ಲದೆ ಹರಿದರೆ ಎರಡು ಗಂಟೆಯಲ್ಲಿ ಜೀವ ಹೋಗಬಹುದು. ಅದನ್ನು ತಡೆಯುವ ಚುಚ್ಚುಮದ್ದನ್ನು ಫ್ರಿಜ್ಜಿನಲ್ಲಿ ಇಡಬೇಕು. ಬಿ.ಪಿ. ಏರಿ ಫಿಟ್ಸ್ ಬಂದರೆ, ಕೂಸು ಅಡ್ಡ ತಿರುಗಿದರೆ, ಎಂಥ ಕೈಗುಣದ ಸೂಲಗಿತ್ತಿಯೂ ಮನೆಯಲ್ಲಿ ಮಾಡುವುದು ಅಷ್ಟರಲ್ಲೇ ಇದೆ. ಯಾರಿಗೆ ಹೀಗಾದೀತು ಎಂದು ಮೊದಲೇ ಹೇಳಲೂ ಬರುವುದಿಲ್ಲ.

ಮನೆಯಲ್ಲಿ ಇದ್ದದ್ದೇನು?

ಹಾಗಿದ್ದರೂ ಹೆಂಗಸರ ಮನಸ್ಸು ಮನೆಯ ಕಡೆ ಎಳೆಯುವುದಕ್ಕೆ ಕಾರಣವಿದೆ. ಮನೆಯಲ್ಲಿ ತಾಯಿ ಬೆನ್ನು ನೀವುತ್ತಿದ್ದಳು. ಹಂಡೆಯಲ್ಲಿ ಬಿಸಿನೀರು ಕಾಯುತ್ತಿತ್ತು. ನೋವು ಬಂದಾಗ ಎದ್ದು ಓಡಾಡಬಹುದಿತ್ತು, ಕುಕ್ಕರಗಾಲಲ್ಲಿ ಕೂರಬಹುದಿತ್ತು, ಒಂದು ಲೋಟ ಗಂಜಿ ಕುಡಿಯಬಹುದಿತ್ತು. ಮುಖ್ಯವಾಗಿ, "ಕೂಗ್ಬೇಡ, ಸುಮ್ನಿರು" ಅಂತ ಗದರುವವರು ಇರಲಿಲ್ಲ.

ಇದು ಬರೀ ಮುದುಕಿಯರ ಮಾತಲ್ಲ. ತನ್ನವರೊಬ್ಬರು ಪಕ್ಕದಲ್ಲಿದ್ದರೆ ನೋವಿನ ಅವಧಿ ಇಳಿಯುತ್ತದೆ, ಸಿಸೇರಿಯನ್ನೂ ಕಡಿಮೆಯಾಗುತ್ತದೆ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಸಂಗತಿ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಎಷ್ಟು ಮಂದಿ ಕೇಳಿ ಪಡೆಯುತ್ತಾರೆ? ಬಾಗಿಲಲ್ಲಿ ತಡೆದರೆ ಈ ಮಾತನ್ನು ಎತ್ತಿ ಹೇಳಬೇಕು.

ಏಳು ತುಂಬಿದ ಮೇಲೆ

ಸೀಮಂತಕ್ಕೆ ತೋರಿಸುವ ಮುತುವರ್ಜಿಯಲ್ಲಿ ಕಾಲುಭಾಗ ಸಿದ್ಧತೆಗೆ ಕೊಟ್ಟರೆ ಸಾಕು. ಚೊಚ್ಚಲ ಬಸುರಿ ತವರಿಗೆ ಹೊರಟಾಗ ಸೀರೆ, ಕುಪ್ಪಸದ ಜೊತೆ ತಾಯಿ ಕಾರ್ಡೂ ಹೋಗಬೇಕು. ತವರೂರಿನ ಆಶಾಗೆ, ನರ್ಸಮ್ಮನಿಗೆ ಅವಳು ಬಂದ ಸುದ್ದಿ ಮುಟ್ಟಬೇಕು. ಯಾವ ಆಸ್ಪತ್ರೆ, ಜೊತೆಗೆ ಯಾರು, ದೊಡ್ಡ ಮಗುವನ್ನು ನೋಡಿಕೊಳ್ಳುವವರು ಯಾರು, ರಕ್ತ ಕೊಡುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರಲಿ. 108 ತಡವಾದರೆ ಬೀದಿಯಲ್ಲಿ ಯಾರ ಆಟೋ, ಯಾವ ಅಂಗಡಿಯವರ ವ್ಯಾನು ಸಿಕ್ಕೀತು ಎಂದೂ ಕೇಳಿಟ್ಟಿರಬೇಕು. ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಹತ್ತಿ ಸೀರೆ, ಸೋಪು, ಫ್ಲಾಸ್ಕು ಒಂದು ಚೀಲದಲ್ಲಿ ಸಿದ್ಧವಿರಲಿ.

ತಲೆನೋವು, ಕಣ್ಣು ಮಂಜು, ಮುಖದಲ್ಲಿ ಊತ, ರಕ್ತ, ನೀರೊಡೆಯುವುದು, ಕೂಸಿನ ಮಿಸುಕಾಟ ಕಮ್ಮಿಯಾಗುವುದು ಇವುಗಳಲ್ಲಿ ಒಂದು ಕಂಡರೂ "ಬೆಳಗಾಗಲಿ, ಯಜಮಾನರು ಬರಲಿ" ಎಂದು ಕಾಯಬಾರದು.

ದಾರಿಯಲ್ಲೋ ಮನೆಯಲ್ಲೋ ಹೆರಿಗೆ ಆಗಿಯೇ ಹೋಯಿತು ಅನ್ನಿ. 108ಕ್ಕೆ ಫೋನು ಮಾಡಿ, ಕೈಯನ್ನು ಸೋಪಿನಲ್ಲಿ ತೊಳೆದು, ಒಗೆದ ಬಟ್ಟೆ ಹಾಸಬೇಕು. ಹೊಟ್ಟೆ ಒತ್ತಬಾರದು, ಬಳ್ಳಿ ಎಳೆಯಬಾರದು. ಬಳ್ಳಿ ಕೊಯ್ಯಲು ಅವಸರವಿಲ್ಲ, ಬಲ್ಲವರು ಬರಲಿ. ಅದಕ್ಕೆ ಅರಿಶಿನ, ಎಣ್ಣೆ, ಬೂದಿ ಯಾವುದೂ ಬೇಡ. ಕೂಸನ್ನು ಒರೆಸಿ ತಾಯಿಯ ಬರಿಯೆದೆಯ ಮೇಲೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, ಮೊದಲ ಹಾಲು ಕುಡಿಸಬೇಕು. ಸ್ನಾನ ಮಾರನೇ ದಿನಕ್ಕಿರಲಿ. ಆಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಇಷ್ಟು ಮನೆಯವರ ಪಾಲಿನ ಕೆಲಸ. ಆಸ್ಪತ್ರೆಯ ಪಾಲೂ ಒಂದಿದೆ. ನೋವು ತಿನ್ನುತ್ತಾ ಬಂದವಳಿಗೆ ಮೊದಲು ಮಂಚ, ಕಾಗದ ಪತ್ರ ಆಮೇಲೆ. ನರಸಮ್ಮ ಯಾವ ಹೆಂಗಸಿನ ಹತ್ತಿರವೂ ಕಾರ್ಡು ಕೇಳಲಿಲ್ಲ. ಪದ್ಮಶ್ರೀ ಕೊಟ್ಟ ಸರ್ಕಾರ ಅಷ್ಟನ್ನು ಆ ಅಜ್ಜಿಯಿಂದ ಕಲಿತರೆ, ಹೆರಿಗೆ ಎಲ್ಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ.